ಸಂತೋಷದ ಕ್ವಿಜ್‌ನಲ್ಲಿ ನನಗೆ 19, ಅಮ್ಮನಿಗೆ 27. ಇದನ್ನು ಹೇಗೆ ಓದಬೇಕು?

ಸಾಗರದ ಹುಡುಗಿ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದಿ.

ಹೋದ ಸೋಮವಾರ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ಕ್ವಿಜ್ ಬಂತು. ನೀವು ಎಷ್ಟು ಸಂತೋಷದ ವ್ಯಕ್ತಿ ಅಂತ. ಹತ್ತು ಪ್ರಶ್ನೆ. ಯಾವ ಬಣ್ಣ ಇಷ್ಟ, ಶುಕ್ರವಾರ ಸಂಜೆ ಏನು ಮಾಡುತ್ತೀರಿ, ಪಾರ್ಟಿಯಲ್ಲಿ ಎಲ್ಲಿ ನಿಲ್ಲುತ್ತೀರಿ, ಇಂಥವು. ಕೊನೆಗೆ ನನ್ನ ಫೋನ್ ನಂಬರ್, ಹುಟ್ಟಿದ ದಿನ ಕೇಳಿತು. ಕೊಟ್ಟೆ. 'ನೀವು ಸೂರ್ಯಕಾಂತಿ. ಹೊರಗೆ ನಗು, ಒಳಗೆ ಯಾರಿಗೂ ಹೇಳದ ಮಾತು' ಅಂತ ಬಂತು. ಓದಿ ಕಣ್ಣು ತುಂಬಿತು. ಆಮೇಲೆ ನೋಡಿದರೆ ಪಕ್ಕದ ಸೀಟಿನವಳಿಗೂ ಸೂರ್ಯಕಾಂತಿಯೇ ಬಂದಿತ್ತು.

ಅದನ್ನು ಗೆಳತಿಗೆ ಹೇಳಿದೆ. ಅದು ಬಿಡು, ಸರಿಯಾದ್ದು ಒಂದು ಇದೆ ಅಂತ ಅವಳು ಐದು ವಾಕ್ಯಗಳ ಇನ್ನೊಂದನ್ನು ಕಳಿಸಿದಳು. ಪ್ರತಿ ವಾಕ್ಯಕ್ಕೆ 1ರಿಂದ 7ರ ಒಳಗೆ ಅಂಕ ಕೊಡಬೇಕು. ಒಪ್ಪುವುದೇ ಇಲ್ಲ ಅಂದರೆ 1, ಪೂರ್ತಿ ಒಪ್ಪಿದರೆ 7. ನನಗೆ 4, 3, 4, 5, 3. ಒಟ್ಟು 19. 'ಸ್ವಲ್ಪ ಅತೃಪ್ತಿ' ಅನ್ನುವ ಗುಂಪು. ಎರಡು ದಿನ ಆ 19 ತಲೆಯಲ್ಲೇ ಕೂತಿತ್ತು.

ಶನಿವಾರ ಊರಿಗೆ ಬಂದೆ. ಮೂರು ದಿನದಿಂದ ಬಿಡದ ಮಳೆ. ಅಮ್ಮ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಾ ಕೂತಿದ್ದಳು. ಆ ಐದು ವಾಕ್ಯ ನಾನೇ ಕನ್ನಡ ಮಾಡಿ ಅವಳಿಗೆ ಓದಿದೆ. ಮೊದಲ ನಾಲ್ಕಕ್ಕೆ ತಲೆ ಎತ್ತದೇ ಉತ್ತರ ಕೊಟ್ಟಳು. ಆರು, ಆರು, ಏಳು, ಆರು. ಐದನೆಯದು, ಇನ್ನೊಂದು ಸಲ ಬದುಕು ಸಿಕ್ಕರೂ ಹೆಚ್ಚುಕಡಿಮೆ ಏನನ್ನೂ ಬದಲಾಯಿಸುವುದಿಲ್ಲ ಅನ್ನುವ ಅರ್ಥದ್ದು. ಅಮ್ಮನ ಕೈ ನಿಂತಿತು.

'ಇದಕ್ಕೆ ಎರಡು ಹಾಕು' ಅಂದಳು.

ಯಾಕಮ್ಮ ಅಂದೆ. 'ಟಿಸಿಎಚ್ ಮಾಡಬೇಕು ಅಂತಿತ್ತು. ಪಿಯುಸಿ ಮುಗಿದ ಮೇಲೆ ಅರ್ಜಿ ತಂದು ಇಟ್ಟಿದ್ದೆ. ಅಷ್ಟರಲ್ಲಿ ನಿಮ್ಮ ಅಪ್ಪನ ಕಡೆಯವರು ನೋಡಲು ಬಂದರು' ಅಂದಳು. ಮತ್ತೆ ಎಲೆ ಕೈಗೆ ತೆಗೆದುಕೊಂಡಳು. ಅಮ್ಮನಿಗೆ ಟೀಚರ್ ಆಗುವ ಆಸೆ ಇತ್ತು ಅಂತ ನನಗೆ ಈ 31 ವರ್ಷದಲ್ಲಿ ಗೊತ್ತೇ ಇರಲಿಲ್ಲ.

ಒಟ್ಟು 27. 'ತೃಪ್ತರು' ಅನ್ನುವ ಗುಂಪು. ಆದರೆ ಆ ಎರಡನ್ನು ನೋಡಿದ ಮೇಲೆ 27 ಅನ್ನುವುದು ನನಗೆ ಸರಿ ಕಾಣುತ್ತಿಲ್ಲ. ಅಮ್ಮ ಸಂತೋಷವಾಗಿದ್ದಾಳಾ? ನಾನು ಇಲ್ಲವಾ? ಗೊತ್ತಿರುವವರು ಹೇಳಿ.

ಮನಶ್ಶಾಸ್ತ್ರ ಎಂಎ · ಭಾನುವಾರ ರಾತ್ರಿ

ಮೊದಲು ನಿಮ್ಮ 19ರ ಬಗ್ಗೆ. ನೀವು ಮಾಡಿದ್ದು ಎಡ್ ಡೀನರ್ ಮತ್ತು ಜೊತೆಯವರು 1985ರಲ್ಲಿ ಪ್ರಕಟಿಸಿದ ಜೀವನ ತೃಪ್ತಿಯ ಅಳತೆ. ಕಡಿಮೆ ಎಂದರೆ 5, ಜಾಸ್ತಿ ಎಂದರೆ 35. ಸರಿಯಾಗಿ ನಡುವೆ ಇರುವುದು 20. ನೀವು ಅದಕ್ಕೆ ಒಂದೇ ಒಂದು ಅಂಕ ಕೆಳಗೆ ಇದ್ದೀರಿ. ಅಂದು ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದರೆ 21 ಬರುತ್ತಿತ್ತೇನೋ. ಅದಕ್ಕೆ ಎರಡು ದಿನದ ನಿದ್ದೆ ಕೊಡಬೇಡಿ.

ಇದು ಸುಮ್ನೆ ಸಮಾಧಾನಕ್ಕೆ ಹೇಳಿದ ಮಾತಲ್ಲ. ಶ್ವಾರ್ಜ್ ಮತ್ತು ಕ್ಲೋರ್ ಅನ್ನುವ ಇಬ್ಬರು 1983ರಲ್ಲಿ ಜನರಿಗೆ ಫೋನ್ ಮಾಡಿ ಬದುಕಿನ ಬಗ್ಗೆ ಕೇಳಿದ್ದರು. ಬಿಸಿಲಿನ ದಿನ ಕೇಳಿದಾಗ ಜನ ಮಳೆಯ ದಿನಕ್ಕಿಂತ ಜಾಸ್ತಿ ತೃಪ್ತಿ ಹೇಳಿದರು. ಆದರೆ ಮೊದಲು 'ನಿಮ್ಮಲ್ಲಿ ಹವೆ ಹೇಗಿದೆ' ಅಂತ ಕೇಳಿ ಆಮೇಲೆ ಬದುಕಿನ ಪ್ರಶ್ನೆ ಕೇಳಿದರೆ ಆ ವ್ಯತ್ಯಾಸ ಹೋಗುತ್ತಿತ್ತು. ಬೇಸರಕ್ಕೆ ಮಳೆ ಕಾರಣ ಅಂತ ಹೊಳೆದ ತಕ್ಷಣ ಜನ ಅದನ್ನು ಬದುಕಿನ ಲೆಕ್ಕದಿಂದ ಕಳೆದುಬಿಡುತ್ತಿದ್ದರು. ಮುಂದೆ ತುಂಬಾ ದೊಡ್ಡ ಸಂಖ್ಯೆಯ ಜನರ ಉತ್ತರ ತೆಗೆದು ನೋಡಿದಾಗ ಹವೆಯ ಪರಿಣಾಮ ಅಷ್ಟಾಗಿ ಕಾಣಲಿಲ್ಲ, ಅದನ್ನೂ ಹೇಳಬೇಕು. ಹಾಗಾಗಿ ಒಂದು ದಿನದ ಮೂಡು ಉತ್ತರವನ್ನು ಒಂದೆರಡು ಅಂಕ ಅಲ್ಲಾಡಿಸಬಹುದು, ಇಡೀ ಲೆಕ್ಕ ತಲೆಕೆಳಗು ಮಾಡುವುದಿಲ್ಲ ಅಂತ ಇಟ್ಟುಕೊಳ್ಳಿ.

ಅಮ್ಮನ ಐದನೇ ಉತ್ತರದ ವಿಷಯ ಕುತೂಹಲದ್ದು. ಆ ಅಳತೆಯಲ್ಲಿ ಐದನೇ ವಾಕ್ಯ ಉಳಿದವುಗಳ ಜೊತೆ ಅಷ್ಟು ಗಟ್ಟಿಯಾಗಿ ಹೊಂದುವುದಿಲ್ಲ ಅಂತ ಮೊದಲಿನಿಂದ ಗೊತ್ತಿದೆ. ಮೊದಲ ಮೂರು ಈಗಿನ ಬದುಕನ್ನು ಕೇಳುತ್ತವೆ. ಕೊನೆಯದು ಹಿಂದೆ ತಿರುಗಿ ನೋಡಿಸುತ್ತದೆ. ಈಗ ಹಾಯಾಗಿ ಇರುವವರಿಗೂ ಹಿಂದಿನದೊಂದು ಮುಳ್ಳು ಇರಬಹುದು.

ದುಂಡುಮಲ್ಲಿಗೆ · ಭಾನುವಾರ ರಾತ್ರಿ

ನನಗೂ ಸೂರ್ಯಕಾಂತಿ ಬಂದಿತ್ತು! ನನ್ನನ್ನೇ ನೋಡಿ ಬರೆದ ಹಾಗಿತ್ತು. ಹೇಗೆ ಗೊತ್ತಾಗುತ್ತೆ ಅವರಿಗೆ?

ಮನಶ್ಶಾಸ್ತ್ರ ಎಂಎ · ಭಾನುವಾರ ರಾತ್ರಿ

ಅವರಿಗೆ ಏನೂ ಗೊತ್ತಾಗುವುದಿಲ್ಲ. 1948ರಲ್ಲಿ ಬರ್ಟ್ರಾಮ್ ಫೋರರ್ ಅನ್ನುವ ಮೇಷ್ಟ್ರು ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ 'ಇದು ನಿನ್ನ ಫಲಿತಾಂಶ' ಅಂತ ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ, 5ಕ್ಕೆ ಎಷ್ಟು ಅಂತ ಕೇಳಿದರೆ ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಅದನ್ನು ಅವರು ತೆಗೆದದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಹೊರಗೆ ನಗು, ಒಳಗೆ ಹೇಳದ ಮಾತು. ಇದು ಯಾರಿಗೆ ಇಲ್ಲ ಹೇಳಿ?

ಆದರೆ ನಿಮ್ಮ ಕಣ್ಣು ತುಂಬಿದ್ದು ಸುಳ್ಳಲ್ಲ. ಬರಹ ಎಲ್ಲರದ್ದಾದರೂ ನೆನಪಾದ ಮಾತು ನಿಮ್ಮದೇ.

ಡೇಟಾ ಕಾವಲು · ಸೋಮವಾರ ಬೆಳಿಗ್ಗೆ

ದಯವಿಟ್ಟು ಇಂಥ ಕ್ವಿಜ್‌ಗೆ ಫೋನ್ ನಂಬರ್, ಹುಟ್ಟಿದ ದಿನ ಕೊಡಬೇಡಿ. ಇದನ್ನು ಬೈಯಲು ಹೇಳುತ್ತಿಲ್ಲ, ನಮ್ಮ ಮನೆಯಲ್ಲೇ ದಿನಾ ಹೇಳುತ್ತೇನೆ.

ಜನರ ಫೇಸ್‌ಬುಕ್ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಅನ್ನುವ ಚುನಾವಣಾ ಪ್ರಚಾರದ ಕಂಪನಿಯ ಕೈಗೆ ಹೋದ ಸುದ್ದಿ 2018ರ ಮಾರ್ಚ್‌ನಲ್ಲಿ ಹೊರಬಂತಲ್ಲ, ಅದರ ಬುಡದಲ್ಲಿ ಇದ್ದದ್ದು ಒಂದು ವ್ಯಕ್ತಿತ್ವ ಕ್ವಿಜ್. ಫೇಸ್‌ಬುಕ್‌ನಲ್ಲಿ ಅದನ್ನು ಹಾಕಿಕೊಂಡವರು ಸುಮಾರು 2 ಲಕ್ಷ 70 ಸಾವಿರ ಜನ. ಅವರ ಗೆಳೆಯರ ಪಟ್ಟಿಯ ಮೂಲಕ ಹೋಗಿರಬಹುದಾದ ಮಾಹಿತಿ 8 ಕೋಟಿ 70 ಲಕ್ಷ ಜನರವರೆಗೆ ಅಂತ ಫೇಸ್‌ಬುಕ್ಕೇ ಹೇಳಿತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು ಬರೀ 335 ಜನ. ಆದರೆ ಲೆಕ್ಕಕ್ಕೆ ಸಿಕ್ಕವರು 5 ಲಕ್ಷ 62 ಸಾವಿರ. ಸಂತೋಷ ಎಷ್ಟು ಅಂತ ತಿಳಿಯಲು ಯಾರಿಗೂ ನಿಮ್ಮ ನಂಬರ್ ಬೇಕಿಲ್ಲ. ನಿಜವಾದ ಅಳತೆಗಳನ್ನು ಒಂದು ಹಾಳೆ, ಪೆನ್ನು ಇಟ್ಟುಕೊಂಡು ಮನೆಯಲ್ಲೇ ಮಾಡಬಹುದು.

ಒಂಟಿ ಮರ · ಸೋಮವಾರ ಬೆಳಿಗ್ಗೆ

ನನ್ನ ಅನುಭವ ಬೇರೆ. 29 ಪ್ರಶ್ನೆಗಳ ಆಕ್ಸ್‌ಫರ್ಡ್ ಸಂತೋಷ ಪ್ರಶ್ನಾವಳಿ ಮಾಡಿದ್ದೆ. ಜನರ ಜೊತೆ ಮೋಜು ಮಾಡುತ್ತೀರಾ, ಬೇರೆಯವರನ್ನು ಖುಷಿಪಡಿಸುತ್ತೀರಾ, ನಾನು ನೋಡಲು ಆಕರ್ಷಕವಾಗಿ ಇಲ್ಲ ಅನಿಸುತ್ತದಾ, ಹೀಗೆಲ್ಲ ಇದೆ. ಅಂಕ ಕಡಿಮೆ ಬಂತು. ನಾನು ಒಬ್ಬನೇ ಇರುವುದನ್ನು ಇಷ್ಟಪಡುವವನು. ಬೆಳಿಗ್ಗೆ ಕೆರೆ ಏರಿ ಮೇಲೆ ಒಂದು ಗಂಟೆ ನಡೆದರೆ, ಸಂಜೆ ರೇಡಿಯೋ ಹಾಕಿಕೊಂಡರೆ ನನಗೆ ಬೇರೇನೂ ಬೇಡ. ಇದನ್ನು ಕೇಳುವ ಒಂದು ಪ್ರಶ್ನೆಯೂ ಅಲ್ಲಿರಲಿಲ್ಲ.

ಮನಶ್ಶಾಸ್ತ್ರ ಎಂಎ · ಸೋಮವಾರ ಮಧ್ಯಾಹ್ನ

ನಿಮ್ಮ ದೂರು ಸರಿಯಾಗಿದೆ. 2002ರಲ್ಲಿ ಹಿಲ್ಸ್ ಮತ್ತು ಆರ್ಗೈಲ್ ಅದನ್ನು ಮಾಡಿದರು. ಅದು ಸಂತೋಷದ ಜೊತೆಗೆ ಆತ್ಮವಿಶ್ವಾಸ, ತಮಾಷೆಯ ಗುಣ, ಜನರ ಜೊತೆ ಬೆರೆಯುವ ಸ್ವಭಾವ ಎಲ್ಲವನ್ನೂ ಒಂದೇ ಕೊಡದಲ್ಲಿ ತುಂಬುತ್ತದೆ ಅನ್ನುವ ಟೀಕೆ ಬಂದಿದೆ. ಜನರ ಜೊತೆ ಬೆರೆಯುವವರು ಸರಾಸರಿಯಲ್ಲಿ ತುಸು ಜಾಸ್ತಿ ಸಂತೋಷ ಹೇಳುತ್ತಾರೆ ಅನ್ನುವುದು ಬೇರೆ ಅಧ್ಯಯನಗಳಲ್ಲೂ ಕಂಡಿದೆ. ಆದರೆ ಬೆರೆಯುವುದನ್ನೇ ಸಂತೋಷ ಅಂತ ಎಣಿಸಿದರೆ ನಿಮ್ಮಂಥವರಿಗೆ ಅನ್ಯಾಯ.

ನಿಮಗೆ ಲ್ಯುಬೊಮಿರ್ಸ್ಕಿ ಮತ್ತು ಲೆಪರ್ ಅವರ 1999ರ ಅಳತೆ ಹೊಂದಬಹುದು. ನಾಲ್ಕೇ ಪ್ರಶ್ನೆ. ನಿಮ್ಮ ಸಂತೋಷ ಎಲ್ಲಿಂದ ಬರುತ್ತದೆ ಅಂತ ಅದು ಕೇಳುವುದೇ ಇಲ್ಲ.

ಧಾರವಾಡದ ಮೇಷ್ಟ್ರು · ಸೋಮವಾರ ಸಂಜೆ

ನಾನು ನಿವೃತ್ತ ಕನ್ನಡ ಮೇಷ್ಟ್ರು. ಮಗಳೇ, ನೀನು ಆ ಐದು ವಾಕ್ಯಗಳನ್ನು ಕನ್ನಡ ಮಾಡುವಾಗ ಯಾವ ಪದ ಬಳಸಿದೆ ಅನ್ನುವುದು ನನ್ನ ಮೊದಲ ಪ್ರಶ್ನೆ. ಖುಷಿ ಅಂದೆಯಾ, ಸುಖ ಅಂದೆಯಾ, ತೃಪ್ತಿ ಅಂದೆಯಾ, ನೆಮ್ಮದಿ ಅಂದೆಯಾ? ನಾಲ್ಕೂ ಬೇರೆ. ಮೊಮ್ಮಗ ಬಂದರೆ ಖುಷಿ. ಮೊಮ್ಮಗ ಮಲಗಿದ ಮೇಲೆ ಮನೆಯಲ್ಲಿ ಇಳಿಯುವುದು ನೆಮ್ಮದಿ. ಸುಖ ಅನ್ನುವುದರಲ್ಲಿ ಕೈಕಾಲಿಗೆ ಆರಾಮ ಇರುವುದೂ ಸೇರುತ್ತದೆ. ತೃಪ್ತಿ ಉಂಡೆದ್ದ ಮೇಲಿನ ಮಾತು, ಎಲೆಯಲ್ಲಿ ಏನು ಬಡಿಸಿದ್ದರು ಅನ್ನುವ ಲೆಕ್ಕ ಅದರೊಳಗೆ ಇರುತ್ತದೆ.

ಇನ್ನೊಂದು ಮಾತು. ನಮ್ಮ ಕಡೆ ಎದುರು ಸಿಕ್ಕವರು 'ಆರಾಮ ಅದೀರಿ?' ಅನ್ನುತ್ತಾರೆ. ನೀವು 'ಆರಾಮ' ಅಂದರೆ ಅವರು ಅಲ್ಲಿಗೆ ಬಿಡುವುದಿಲ್ಲ. ಮನ್ಯಾಗ ಎಲ್ಲಾರೂ? ಮಕ್ಕಳು? ಮಳಿ ಹೆಂಗ? ಎಲ್ಲ ಕೇಳಿದ ಮೇಲೆಯೇ ನೀವು ಆರಾಮ ಇದ್ದೀರಿ ಅಂತ ನಂಬುತ್ತಾರೆ. ಹಳೆಯ ಕಾಗದಗಳೂ ಹೀಗೇ ಶುರುವಾಗುತ್ತಿದ್ದವು: ಉಭಯ ಕುಶಲೋಪರಿ ಸಾಂಪ್ರತ. ಎರಡೂ ಕಡೆಯ ಕ್ಷೇಮ ಮೊದಲು, ಆಮೇಲೆ ವಿಷಯ. ನಾನೊಬ್ಬನೇ ಕ್ಷೇಮ ಅಂತ ಯಾರೂ ಕಾಗದ ಬರೆದವರಲ್ಲ.

ನಿನ್ನ ಅಮ್ಮನ ಮೊದಲ ನಾಲ್ಕು ಉತ್ತರ 'ನಾವು' ಕೊಟ್ಟದ್ದು ಅಂತ ನನಗೆ ಅನಿಸುತ್ತದೆ. ಮನೆ ನಿಂತಿದೆ, ಮಗಳು ಕೆಲಸದಲ್ಲಿದ್ದಾಳೆ, ತೋಟ ಇದೆ. ಆರು, ಆರು, ಏಳು, ಆರು. ಐದನೆಯದಕ್ಕೆ ಮಾತ್ರ 'ನಾನು' ಅನ್ನುವವಳು ಎದ್ದು ಬಂದಳು. ಇಬ್ಬರ ಉತ್ತರವನ್ನು ಕೂಡಿಸಿದರೆ 27 ಬರುತ್ತದೆ, ಆದರೆ ಅದು ಯಾರ ಅಂಕ?

ಸಾಗರದ ಹುಡುಗಿ · ಸೋಮವಾರ ಸಂಜೆ

ಮೇಷ್ಟ್ರೇ, ಇದನ್ನು ಮೂರು ಸಲ ಓದಿದೆ. ನಾನು ಬಳಸಿದ್ದು 'ತೃಪ್ತಿ' ಮತ್ತು 'ಬದುಕು ಚೆನ್ನಾಗಿದೆ'. ಮೊದಲ ವಾಕ್ಯಕ್ಕೆ ಅಮ್ಮ 'ನಮಗೇನು ಕಡಿಮೆಯಾಗಿದೆ' ಅಂದದ್ದು ಈಗ ನೆನಪಾಗುತ್ತಿದೆ. 'ನಮಗೆ' ಅಂದಿದ್ದಳು.

ಬಯಲುಸೀಮೆ ಸರ್ವೆ · ಸೋಮವಾರ ರಾತ್ರಿ

ಯಾದಗಿರಿ, ಕಲಬುರಗಿ ಕಡೆ ಮನೆಮನೆ ಸರ್ವೆ ಕೆಲಸ ನಾಲ್ಕು ವರ್ಷ ಮಾಡಿದ್ದೇನೆ. ಆರೋಗ್ಯದ ಪ್ರಶ್ನೆಗಳ ಕೊನೆಯಲ್ಲಿ ಇಂಥ ಎರಡು ಮೂರು ಪ್ರಶ್ನೆ ಇರುತ್ತಿದ್ದವು. ಮೇಷ್ಟ್ರು ಹೇಳಿದ್ದನ್ನು ನಾನು ಅಂಗಳದಲ್ಲಿ ಕೂತು ನೋಡಿದ್ದೇನೆ.

ಹೆಣ್ಣುಮಗಳು ಒಬ್ಬಳೇ ಇದ್ದಾಗ ಒಂದು ಉತ್ತರ. ಅತ್ತೆ ಬಾಗಿಲಲ್ಲಿ ನಿಂತರೆ ಇನ್ನೊಂದು. ಗಂಡ ಬಂದು ಕೂತರೆ ಉತ್ತರ ಅವನೇ ಹೇಳುತ್ತಿದ್ದ. 'ದೇವರು ಇಟ್ಟಾಂಗ ಅದೀವ್ರಿ' ಅನ್ನುವ ಮಾತಿಗೆ ನಾನು ಎಷ್ಟು ಅಂಕ ಹಾಕಬೇಕು? ಮೇಲಿನವರು 5 ಹಾಕು ಅನ್ನುತ್ತಿದ್ದರು. ನನಗೆ ಪ್ರತಿ ಸಲ ಕೈ ನಡುಗುತ್ತಿತ್ತು, ಆ ಮಾತಿನೊಳಗೆ 2 ಇದ್ದದ್ದೂ ಕಂಡಿದ್ದೇನೆ, 9 ಇದ್ದದ್ದೂ ಕಂಡಿದ್ದೇನೆ.

ದೃಷ್ಟಿಯ ವಿಷಯ ಯಾರೂ ಹೇಳಲಿಲ್ಲ. ಬೆಳೆ ಚೆನ್ನಾಗಿ ಬಂದ ವರ್ಷ, ಮಗಳ ಮದುವೆ ಆದ ವರ್ಷ ಜನ ಬೇಕಂತಲೇ ಕಡಿಮೆ ಹೇಳುತ್ತಾರೆ. ತುಂಬಾ ಖುಷಿಯಾಗಿದ್ದೀವಿ ಅಂದರೆ ಕಣ್ಣು ಬೀಳುತ್ತದೆ ಅನ್ನುವ ಹೆದರಿಕೆ. ಒಬ್ಬ ಅಜ್ಜಿ ನನ್ನ ಕೈ ಹಿಡಿದು, 'ಬರೀ ಐದು ಬರಕೋ ತಮ್ಮಾ, ಜಾಸ್ತಿ ಬರೀಬ್ಯಾಡ' ಅಂದಿದ್ದಳು. ಅವಳ ಮೊಮ್ಮಗನಿಗೆ ಹಿಂದಿನ ವಾರ ಕೆಲಸ ಸಿಕ್ಕಿತ್ತು.

ಎಸ್ಪೂ ಕನ್ನಡಿಗ · ಸೋಮವಾರ ರಾತ್ರಿ

ಫಿನ್ಲೆಂಡಿನಿಂದ ಬರೆಯುತ್ತಿದ್ದೇನೆ. ವಿಶ್ವ ಸಂತೋಷ ವರದಿ ಅಂತ ಪ್ರತಿ ವರ್ಷ ಬರುವ ಪಟ್ಟಿಯಲ್ಲಿ, ಜಗತ್ತಿನಲ್ಲೇ ಅತಿ ಸಂತೋಷದ ದೇಶ ಅಂತ 2018ರಿಂದ 2025ರವರೆಗೆ ಪ್ರತಿ ವರ್ಷವೂ ಮೊದಲ ಸ್ಥಾನ ಇದಕ್ಕೇ. ಭಾರತ 2024ರಲ್ಲಿ 126, 2025ರಲ್ಲಿ 118. ಊರಿಗೆ ಫೋನ್ ಮಾಡಿದರೆ ಎಲ್ಲರೂ 'ನಿನಗೇನಪ್ಪ, ಸಂತೋಷದ ದೇಶ' ಅನ್ನುತ್ತಾರೆ.

ಆದರೆ ಆ ಪಟ್ಟಿಗೆ ಕೇಳುವ ಪ್ರಶ್ನೆಯಲ್ಲಿ ಸಂತೋಷ ಅನ್ನುವ ಪದವೇ ಇಲ್ಲ. ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಕೊಟ್ಟ ಏಣಿ ಅದು. ಸೊನ್ನೆಯಿಂದ 10ರವರೆಗೆ ಮೆಟ್ಟಿಲು. ಮೇಲಿನದು ನಿಮಗೆ ಸಿಗಬಹುದಾದ ಅತಿ ಒಳ್ಳೆಯ ಬದುಕು, ಕೆಳಗಿನದು ಅತಿ ಕೆಟ್ಟದ್ದು. ನೀವು ಎಲ್ಲಿ ನಿಂತಿದ್ದೀರಿ ಅಂತ ಕೇಳುತ್ತಾರೆ, ಅಷ್ಟೇ. ಮೂರು ವರ್ಷದ ಸರಾಸರಿ ತೆಗೆದು ದೇಶಗಳನ್ನು ಸಾಲಾಗಿ ನಿಲ್ಲಿಸುತ್ತಾರೆ.

ಇಲ್ಲಿಯವರನ್ನು ಕೇಳಿದರೆ ಅವರಿಗೂ ಆ ಹೆಸರು ಮುಜುಗರ. ನಾವು ಸಂತೋಷದವರಲ್ಲ, ಇರುವುದರಲ್ಲಿ ಸಮಾಧಾನ ಇರುವವರು ಅನ್ನುತ್ತಾರೆ ನನ್ನ ಜೊತೆ ಕೆಲಸ ಮಾಡುವವರು. ಮಗುವಿಗೆ ಹುಷಾರಿಲ್ಲ ಅಂದರೆ ರಜೆ ಕೇಳಲು ಭಯ ಇಲ್ಲ. ಲೈಬ್ರರಿಯಲ್ಲಿ ಇಡೀ ದಿನ ಕೂರಬಹುದು. 2013ರಲ್ಲಿ ಒಂದು ಪತ್ರಿಕೆಯವರು ಬೇರೆ ಬೇರೆ ನಗರಗಳಲ್ಲಿ 12–12 ಪರ್ಸು ಬೇಕಂತ ಬೀಳಿಸಿ ನೋಡಿದ್ದರು. ಹೆಲ್ಸಿಂಕಿಯಲ್ಲಿ 11 ವಾಪಸ್ ಬಂದವು. ನಮ್ಮ ಮುಂಬೈಯಲ್ಲಿ 9 ಬಂದವು, ಅದು ಎರಡನೇ ಸ್ಥಾನ, ಇದನ್ನು ಓದಿ ನನಗೆ ಎಷ್ಟು ಹೆಮ್ಮೆಯಾಯಿತು! ಕಳೆದುಹೋದ ಪರ್ಸು ಸಿಗುತ್ತದೆ ಅಂತ ನಂಬಿ ನಡೆಯುವುದು ನನ್ನ ಮಟ್ಟಿಗೆ ನೆಮ್ಮದಿ. ಖುಷಿ ಬೇರೆ. ನನಗೆ ಖುಷಿ ಬೇಕಾದಾಗ ನಾನು ಹಾಸನಕ್ಕೆ, ಅಕ್ಕನಿಗೆ ಫೋನ್ ಮಾಡುತ್ತೇನೆ.

ನನ್ನದೇ ಏಣಿ ಹೇಳುತ್ತೇನೆ. ಜುಲೈಯಲ್ಲಿ 8. ನವೆಂಬರಿನಲ್ಲಿ, ಮಧ್ಯಾಹ್ನ ನಾಲ್ಕಕ್ಕೆ ಕತ್ತಲಾದಾಗ, 6.

ನೇರಮಾತು · ಮಂಗಳವಾರ ಬೆಳಿಗ್ಗೆ

ಇಷ್ಟೆಲ್ಲ ಓದಿದ ಮೇಲೆ ಅನಿಸುವುದು, ಸಂತೋಷಕ್ಕೆ ಅಂಕ ಹಾಕುವುದೇ ತಪ್ಪು. ಅಳೆಯಲು ಹೋದರೆ ಇದ್ದದ್ದೂ ಹೋಗುತ್ತದೆ. ಸಾಗರದವರು ಎರಡು ದಿನ ಚಡಪಡಿಸಿದರಲ್ಲ, ಏನು ಪ್ರಯೋಜನ?

ಮಳೆಬಿಲ್ಲು · ಮಂಗಳವಾರ ಬೆಳಿಗ್ಗೆ

ನೇರಮಾತು ಅವರೇ, ನಾನು ಒಪ್ಪುವುದಿಲ್ಲ. ಇದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಸುಸ್ತು ಅಂತ ಡಾಕ್ಟರ ಹತ್ತಿರ ಹೋಗಿದ್ದೆ. ರಕ್ತ ಪರೀಕ್ಷೆ ಎಲ್ಲ ಸರಿ ಇತ್ತು. ಅವರು ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಹಾಳೆ ಕೊಟ್ಟರು. ಹಿಂದಿನ ಎರಡು ವಾರದ ಬಗ್ಗೆ ಮಾತ್ರ ಕೇಳುತ್ತದೆ. ಮನಸ್ಸು ಉಲ್ಲಾಸವಾಗಿತ್ತಾ, ಶಾಂತವಾಗಿತ್ತಾ, ಎದ್ದಾಗ ಚೆನ್ನಾಗಿ ನಿದ್ದೆ ಆದ ಹಾಗಿತ್ತಾ, ದಿನದಲ್ಲಿ ಆಸಕ್ತಿ ಹುಟ್ಟಿಸುವಂಥದ್ದು ಏನಾದರೂ ಇತ್ತಾ, ಹೀಗೆ. ಪ್ರತಿಯೊಂದಕ್ಕೂ 0ಯಿಂದ 5. ಕೂಡಿಸಿ 4ರಿಂದ ಗುಣಿಸಬೇಕು. 50ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದರೆ ಗಮನ ಕೊಡಬೇಕು ಅಂತ ಲೆಕ್ಕ.

ನನಗೆ ಬಂದದ್ದು 24.

ಅಲ್ಲಿಯವರೆಗೆ ನನಗೆ 'ಬೇಜಾರು' ಅನ್ನುವ ಒಂದೇ ಪದ ಗೊತ್ತಿತ್ತು. ಬೇಜಾರು ಎಲ್ಲರಿಗೂ ಇರುತ್ತದೆ, ಕೆಲಸ ಮಾಡು ಸರಿ ಹೋಗುತ್ತೆ ಅಂತ ಮನೆಯವರೂ ಹೇಳುತ್ತಿದ್ದರು, ನಾನೂ ಹೇಳಿಕೊಳ್ಳುತ್ತಿದ್ದೆ. ಆ 24 ಕಂಡ ಮೇಲೆ ಇದು ನನ್ನ ಸೋಮಾರಿತನ ಅಲ್ಲ ಅಂತ ನಂಬಿದೆ. ಆ ಹಾಳೆಯಿಂದಲೇ ಕಾಯಿಲೆ ಅಂತ ತೀರ್ಮಾನ ಆಗಲಿಲ್ಲ, ಅವರು ಆಮೇಲೆ ತುಂಬಾ ಹೊತ್ತು ಮಾತಾಡಿಸಿದರು, ಮನೋವೈದ್ಯರ ಹತ್ತಿರ ಕಳಿಸಿದರು. ಚಿಕಿತ್ಸೆ ಆಯಿತು. ಹೋದ ತಿಂಗಳು ನಾನೇ ಮತ್ತೆ ಆ ಹಾಳೆ ತುಂಬಿದೆ, 68 ಬಂತು. ಹಾಗಾಗಿ ನನಗೆ ಅಂಕದ ಮೇಲೆ ಕೋಪ ಇಲ್ಲ.

ಓದುತ್ತಿರುವ ಯಾರಿಗಾದರೂ ಹಾಗೆ ಅನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನೇರಮಾತು · ಮಂಗಳವಾರ ಬೆಳಿಗ್ಗೆ

ನನ್ನ ಮಾತು ವಾಪಸ್ ತೆಗೆದುಕೊಂಡೆ. ಬರೆದಿದ್ದಕ್ಕೆ ಧನ್ಯವಾದ. ಆ ನಂಬರ್ ತಮ್ಮನಿಗೆ ಕಳಿಸಿದ್ದೇನೆ.

ಮನಶ್ಶಾಸ್ತ್ರ ಎಂಎ · ಮಂಗಳವಾರ ಮಧ್ಯಾಹ್ನ

ಮಳೆಬಿಲ್ಲು ಅವರೇ, ನಮ್ಮ ತರಗತಿಯಲ್ಲಿ ಇದನ್ನು ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ನೀವು ಮಾಡಿದ ಐದು ಪ್ರಶ್ನೆ, ಸಾಗರದವರು ಮಾಡಿದ ಐದು ಪ್ರಶ್ನೆ, ಎರಡೂ ಬೇರೆ ಕೆಲಸದವು. ನಿಮ್ಮದು ಎರಡು ವಾರದ ಮನಸ್ಸಿನ ಸ್ಥಿತಿ ನೋಡುತ್ತದೆ. ಅವರದ್ದು ಇಡೀ ಬದುಕಿನ ಮೇಲಿನ ತೀರ್ಪು ಕೇಳುತ್ತದೆ. ಬದುಕಿನ ಬಗ್ಗೆ ತೀರ್ಪು ಚೆನ್ನಾಗಿದ್ದೂ ಎರಡು ವಾರದಿಂದ ನಿದ್ದೆ ಇಲ್ಲದಿರಬಹುದು. ಬಣ್ಣ, ಪಾರ್ಟಿ ಕೇಳಿದ ಸೂರ್ಯಕಾಂತಿ ಕ್ವಿಜ್ ಈ ಎರಡನ್ನೂ ನೋಡುವುದಿಲ್ಲ.

ದುಂಡುಮಲ್ಲಿಗೆ · ಮಂಗಳವಾರ ಸಂಜೆ

ಸಾಗರದವರೇ, ಅಮ್ಮನನ್ನು ಇನ್ನೊಂದು ಸಲ ಕೇಳಿ ನೋಡಿದಿರಾ? 'ನಿನ್ನದು ಮಾತ್ರ ಹೇಳು' ಅಂತ?

ಸಾಗರದ ಹುಡುಗಿ · ಬುಧವಾರ ರಾತ್ರಿ

ಕೇಳಿದೆ. ಮಳೆಗೆ ರಸ್ತೆ ಬಂದ್ ಆಗಿತ್ತು, ಬೆಂಗಳೂರಿಗೆ ಹೋಗಲು ಆಗಲಿಲ್ಲ, ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ರಾತ್ರಿ ಊಟ ಆದ ಮೇಲೆ ಹಾಳೆ ತೆಗೆದೆ. ಈ ಸಲ ಮೇಷ್ಟ್ರು ಹೇಳಿದ ಹಾಗೆ 'ನೆಮ್ಮದಿ' ಅಂತ ಬಳಸಿದೆ. ಅಪ್ಪನದ್ದು, ನನ್ನದು, ತೋಟದ್ದು ಏನೂ ಬೇಡ, ನಿನ್ನೊಬ್ಬಳದ್ದು ಹೇಳು ಅಂದೆ.

ಅಮ್ಮ ತುಂಬಾ ಹೊತ್ತು ಯೋಚನೆ ಮಾಡಿದಳು. 'ನನ್ನದನ್ನು ಬೇರೆ ತೆಗೆದು ಹೇಗೆ ಹೇಳಲಿ, ನಿನ್ನ ಮದುವೆ ಆಗಲಿಲ್ಲ ಅನ್ನುವುದು ನನ್ನದಾ, ನಿನ್ನದಾ?' ಅಂದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಅಂಕ ಕೇಳುವುದನ್ನು ಅಲ್ಲಿಗೇ ಬಿಟ್ಟೆ.

ಆದರೆ ಐದನೆಯದನ್ನು ಅವಳೇ ಮತ್ತೆ ತೆಗೆದಳು. ಎರಡೇ ಇರಲಿ, ಅದನ್ನು ಬದಲಾಯಿಸಬೇಡ ಅಂದಳು. ಅಪ್ಪ ಅಲ್ಲೇ ಕುರ್ಚಿಯಲ್ಲಿ ಇದ್ದರು. 'ಯಾವುದಕ್ಕೆ ಎರಡು?' ಅಂತ ಕೇಳಿದರು. ಅಮ್ಮ ಹೇಳಿದಳು. ಟಿಸಿಎಚ್ ಅರ್ಜಿಯ ವಿಷಯ ಅಪ್ಪನಿಗೂ ಗೊತ್ತಿರಲಿಲ್ಲವಂತೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಆ ಮಾತು ಬಂದಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಕನ್ನಡಕ ತಂದು, ಹಾಳೆ ಈಸಿಕೊಂಡು ಐದನೇ ವಾಕ್ಯವನ್ನು ತಾವೇ ಓದಿದರು.

ಆಮೇಲೆ ಅಮ್ಮ ಒಳಗೆ ಹೋಗಿ ಟ್ರಂಕಿನ ತಳದಿಂದ ಒಂದು ಪ್ಲಾಸ್ಟಿಕ್ ಕವರ್ ತಂದಳು. ಅದರಲ್ಲಿ ಅವಳ ಪಿಯುಸಿ ಅಂಕಪಟ್ಟಿ. ಮಡಿಕೆ ಹರಿದಲ್ಲಿ ಹಿಂದಿನಿಂದ ಟೇಪ್ ಅಂಟಿಸಿದ್ದಾಳೆ. ಇತಿಹಾಸದಲ್ಲಿ 81. ನಾನು ಫೋಟೋ ತೆಗೆಯಲು ಹೋದರೆ ಬೇಡ ಅಂದಳು. ಅಪ್ಪ, 'ತೆಗೀಲಿ ಬಿಡು' ಅಂದರು.